ಯಾವ ‘ಆಮೇಲೆ’

ಫೆಬ್ರವರಿ ೯

ಗುಬ್ಬಿ,

ಕಾಗದ ಕಂಡು ಗಾಬರಿಯಾಗಬೇಡ. ಮನೆಯಲ್ಲಿ ಎಲ್ಲರೂ ನೆಟ್ಟಗಿದ್ದೇವೆ. ನಿನ್ನ ಭಾವನ ಮಂಡಿನೋವು ಅವರ ಒಡಹುಟ್ಟು, ಅದೂ ಸುಖವಾಗಿದೆ. ಫೋನ್ ಮಾಡಬಹುದಿತ್ತು ನಿಜ. ಆದರೆ ಫೋನಿನಲ್ಲಿ ನೀನು ‘ಹೂಂ, ಹೇಳು’ ಅನ್ನುತ್ತೀಯ, ನಾನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಯಾರೋ ಕರೆಯುತ್ತಿದ್ದಾರೆ ಅನ್ನುತ್ತೀಯ. ಕಾಗದಕ್ಕಾದರೆ ನಡುವೆ ಬಾಯಿ ಹಾಕಲಾರೆ.

ಅಮ್ಮನಿಗೆ ಪಾರ್ಶ್ವವಾಯು ಹೊಡೆದಾಗ ಹೊಲಿಗೆ ಮಿಷನ್ನನ್ನು ಅವಳ ಕೋಣೆಗೆ ಸಾಗಿಸಿದ್ದೆನಲ್ಲ, ಒಂದು ಕಣ್ಣು ಬಟ್ಟೆಯ ಮೇಲೆ, ಒಂದು ಕಣ್ಣು ಅವಳ ಮೇಲೆ ಇರಲಿ ಎಂದು. ಅವಳು ಹೋದ ಮೇಲೆ ಮಂಚ ತೆಗೆಸಿದೆವು. ಮಿಷನ್ ಅಲ್ಲೇ ಉಳಿಯಿತು. ಈಗ ಏನಾಗುತ್ತಿದೆ ಎಂದರೆ, ಗಿರಾಕಿಗಳ ಜೊತೆ ಏನೋ ಹೇಳುತ್ತಾ ಇರುತ್ತೇನೆ, ನೂಲು ಪೋಣಿಸಲೆಂದು ಮಾತು ನಿಲ್ಲಿಸುತ್ತೇನೆ. ಕೂಡಲೇ ಬೆನ್ನ ಹಿಂದೆ ‘ಆಮೇಲೆ’ ಎಂದು ಕೇಳುತ್ತದೆ. ಅವಳದೇ ದನಿ. ತಿರುಗಿ ನೋಡಿದರೆ ಗೋಡೆ. ದೆವ್ವ ಅನ್ನಬೇಡ. ದೆವ್ವವಾಗಿದ್ದರೆ ಇಷ್ಟು ಹೊತ್ತಿಗೆ ಇನ್ನೊಂದೆರಡು ಮಾತು ಕಲಿತುಕೊಂಡು ಬರುತ್ತಿತ್ತು.

ಆ ಒಂದೇ ಮಾತು ತಾನೇ ಅವಳಿಗೆ ಉಳಿದದ್ದು. ಹಸಿವಾದರೂ ಆಮೇಲೆ, ಬೆನ್ನು ತುರಿಸಿದರೂ ಆಮೇಲೆ. ಡಾಕ್ಟರು ಹೇಳಿದ್ದು ನಿನಗೆ ನೆನಪಿರಬೇಕು, ನೀನೂ ಪಕ್ಕದಲ್ಲಿದ್ದೆ: “ಮಾತು ಹೋಗಿದೆ. ನೀವು ಹೇಳೋದು ಅರ್ಥ ಆಗೋದೂ ಹೋಗಿರಬಹುದು.” ಆ ‘ಬಹುದು’ ಈಗ ನನ್ನ ತಲೆ ಕೊರೆಯುತ್ತಿದೆ. ಅವಳು ಇದ್ದಾಗ ಕೊರೆಯಲಿಲ್ಲ, ಕೆಲಸದ ನಡುವೆ ಪುರುಸೊತ್ತಿರಲಿಲ್ಲ.

ಅವಳ ತಲೆಯ ಸ್ಕ್ಯಾನ್ ಫಿಲ್ಮು ಬೀರುವಿನಲ್ಲಿದೆ. ನೀನು ದಿನಾ ಅಂಥ ತಲೆಗಳನ್ನೇ ನೋಡುವವನು. ಕಳಿಸಿಕೊಡುತ್ತೇನೆ, ನೋಡಿ ನನಗೆ ಒಂದೇ ಒಂದು ವಿಷಯ ಹೇಳು. ನಾನು ಹೇಳಿದ್ದು ಅವಳಿಗೆ ಅರ್ಥವಾಗುತ್ತಿತ್ತೋ ಇಲ್ಲವೋ. ಬೇರೇನೂ ಬೇಡ.

ಅಕ್ಕ


ಫೆಬ್ರವರಿ ೨೦

ಅಕ್ಕಾ,

ಕೈಬರಹದ ಲಕೋಟೆ ಬಂದದ್ದು ಇಲ್ಲಿ ದೊಡ್ಡ ಸುದ್ದಿಯಾಯಿತು. ಯಾರೋ ಹುಡುಗಿ ಬರೆದಿದ್ದಾಳೆಂದು ಜೊತೆಯವರು ಇಡೀ ದಿನ ಆಡಿಕೊಂಡರು. ಅಕ್ಕ ಎಂದರೆ ಯಾರೂ ನಂಬಲಿಲ್ಲ. ಬೋಳುತಲೆಯವನಿಗೆ ಅಷ್ಟಾದರೂ ಗೌರವ ಸಿಕ್ಕಿತು, ಇರಲಿ ಎಂದು ಸುಮ್ಮನಾದೆ.

ಆ ತಲೆಗಳನ್ನು ನೋಡಿ ನಾನು ಮಾಡುವುದೇನೆಂದು ನೀನು ಬಿಡಿಸಿ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಪಾರ್ಶ್ವವಾಯು ಹೊಡೆದವರ ತಲೆಯ ಸ್ಕ್ಯಾನುಗಳು ಬೇರೆ ಬೇರೆ ಆಸ್ಪತ್ರೆಗಳಿಂದ ನಮ್ಮಲ್ಲಿಗೆ ಬರುತ್ತವೆ. ಬರುವ ಮೊದಲೇ ಹೆಸರು ಕಿತ್ತಿರುತ್ತಾರೆ. ಹೆಸರಷ್ಟೇ ಅಲ್ಲ, ಮುಖವನ್ನೂ. ತಲೆಯ ಸ್ಕ್ಯಾನಿನಿಂದ ಮೂಗು, ತುಟಿ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಿ ಆಸಾಮಿ ಯಾರೆಂದು ಗುರುತು ಹಿಡಿಯಬಹುದು. ಹಾಗಾಗಬಾರದೆಂದು ಮುಂಭಾಗವನ್ನು ಸವರಿ ಕಳಿಸುತ್ತಾರೆ. ರಕ್ತ ಸಿಗದೆ ಸತ್ತ ಭಾಗ ಮಿದುಳಿನಲ್ಲಿ ಕಲೆಯ ಹಾಗೆ ಕಾಣುತ್ತದೆ. ಆ ಕಲೆಯ ಅಂಚಿನಗುಂಟ ಗೆರೆ ಎಳೆಯುವುದು ನನ್ನ ಕೆಲಸ. ಇಂಥ ಸಾವಿರಾರು ಗೆರೆಗಳನ್ನು ನೋಡಿ ನೋಡಿ ಕಂಪ್ಯೂಟರು ತಾನೇ ಕಲೆ ಗುರುತಿಸಲು ಕಲಿಯಬೇಕು, ಯಾರಿಗೆ ಮಾತು ಮರಳುತ್ತದೆ, ಯಾರಿಗಿಲ್ಲ ಎಂದು ಮೊದಲೇ ಹೇಳಬೇಕು. ಅದೇ ನಮ್ಮ ಸಂಶೋಧನೆ. ‘ನನ್ನ ತಮ್ಮ ಕಲೆಯಲ್ಲಿ ಮುಳುಗಿದ್ದಾನೆ’ ಎಂದು ಗಿರಾಕಿಗಳಿಗೆ ಹೇಳು, ಚಿತ್ರ ಬರೆಯುವವನೆಂದುಕೊಂಡಾರು.

ಇಲ್ಲಿ ಒಂದು ಪದ್ಧತಿಯಿದೆ. ಒಮ್ಮೆ ಗೆರೆ ಎಳೆದ ತಲೆಯನ್ನೇ ಕೆಲವು ವಾರವೋ ತಿಂಗಳೋ ಬಿಟ್ಟು, ಹೇಳದೆ ಕೇಳದೆ, ರಾಶಿಯೊಳಗೆ ಮತ್ತೆ ಸೇರಿಸುತ್ತಾರೆ. ಗುರುತು ಸಿಗದಿರಲೆಂದು ಎಡಬಲ ಮಗುಚಿರುತ್ತಾರೆ. ಹಳೆಯ ಗೆರೆ, ಹೊಸ ಗೆರೆ ಒಂದರ ಮೇಲೊಂದು ಕೂರಬೇಕು. ಕೂರದಿದ್ದರೆ ನಮ್ಮ ಮೇಡಂ ಕರೆದು ಎದುರು ಕೂರಿಸುತ್ತಾರೆ. ಹಾಗಾಗಿ ಪ್ರತಿ ತಲೆಯನ್ನೂ ಇದು ಮೊದಲೇ ಬಂದಿತ್ತೇ ಎಂಬ ಅನುಮಾನದಿಂದಲೇ ನೋಡುತ್ತೇವೆ. ಮುಖವಿಲ್ಲದವರು ನನ್ನನ್ನು ಪರೀಕ್ಷೆ ಮಾಡಲು ತಿರುಗಿ ಬರುತ್ತಾರೆ. ಇದು ಹೊಟ್ಟೆಪಾಡು.

ಅಮ್ಮನ ಫಿಲ್ಮನ್ನು ಕಳಿಸಬೇಡ ಅಕ್ಕಾ. ಹಳೆಯ ಫಿಲ್ಮಿನಲ್ಲಿ ಏನೂ ಸರಿಯಾಗಿ ಕಾಣುವುದಿಲ್ಲ. ತಿಳಿದು ಮಾಡುವುದಾದರೂ ಏನು? ಅವಳು ಹೋದಳು. ನೀನು ಮಾಡಿದಷ್ಟು ಯಾರೂ ಮಾಡುತ್ತಿರಲಿಲ್ಲ. ಅಷ್ಟೇ ಸಾಕು.

ನಿನ್ನ ತಮ್ಮ


ಮಾರ್ಚ್ ೩

ಗುಬ್ಬಿ,

ಕಳಿಸಬೇಡ ಎಂದೆ, ಕಳಿಸಿದ್ದೇನೆ. ಮಡಿಕೆ ಬೀಳದಿರಲೆಂದು ಕಾಲರಿನ ಅಚ್ಚು ಕತ್ತರಿಸುವ ರಟ್ಟಿನ ನಡುವೆ ಇಟ್ಟು ನಾಲ್ಕೂ ಕಡೆ ಹೊಲಿದಿದ್ದೇನೆ. ಕತ್ತರಿಯಲ್ಲಿ ಬಿಚ್ಚು, ಹಲ್ಲಿನಲ್ಲಿ ಕಚ್ಚಬೇಡ.

ತಿಳಿದು ಏನು ಮಾಡುತ್ತೀಯ ಎಂದು ಕೇಳಿದ್ದೀಯ. ಏನು ಮಾಡಲಿ, ಉಪ್ಪಿನಕಾಯಿ ಹಾಕಲೇ? ತಿಳಿಯಬೇಕು, ಅಷ್ಟೇ. ಅವಳ ಹಾಸಿಗೆಯ ಪಕ್ಕ ಕೂತು ನಾನು ಎಷ್ಟೊಂದು ಮಾತಾಡಿದ್ದೇನೆ. ಬೇರೆ ಯಾರ ಹತ್ತಿರವೂ ಆಡದ್ದು, ನಿನ್ನ ಭಾವನ ಹತ್ತಿರವೂ ಆಡದ್ದು. ಆ ಮಾತೆಲ್ಲ ಎಲ್ಲಿಗೆ ಹೋಯಿತು ಎಂದು ಕೇಳುವ ಹಕ್ಕು ನನಗಿದೆ. ಬಟ್ಟೆ ಕೊಟ್ಟವರು ಬಂದು ಎಲ್ಲಿ ನಮ್ಮ ಬಟ್ಟೆ ಎಂದು ಕೇಳುವುದಿಲ್ಲವೇ?

ನಿನ್ನೆ ಯೂನಿಫಾರ್ಮಿನ ಅಳತೆ ಕೊಡಲು ಬಂದ ಹೆಂಗಸು ತನ್ನ ಅತ್ತೆಯ ಕಥೆ ಹೇಳುತ್ತಿದ್ದಳು. ಹೇಳಿ ನಿಲ್ಲಿಸಿದಳು. ಆಮೇಲೆ ಎಂದಿತು. ಅವಳಿಗೆ ಕೇಳಿಸಲಿಲ್ಲ. ನನ್ನ ಕೈಯಿಂದ ಟೇಪು ಜಾರಿತು, ಮತ್ತೆ ಮೊದಲಿಂದ ಅಳತೆ ತೆಗೆದೆ.

ಬೇಗ ಬರೆ.

ಅಕ್ಕ


ಮಾರ್ಚ್ ೧೭

ಪ್ರೀತಿಯ ಅಕ್ಕ,

ಫಿಲ್ಮನ್ನು ನೋಡಿದೆ. ದೀಪದ ಹಲಗೆಗೆ ಹಾಕಿ ಚೆನ್ನಾಗಿಯೇ ನೋಡಿದೆ. ಅನುಮಾನಕ್ಕೆ ಜಾಗವಿಲ್ಲ. ಕಲೆ ದೊಡ್ಡದು. ಮಾತಾಡುವ ಭಾಗವೂ ಹೋಗಿದೆ, ಕೇಳಿದ್ದನ್ನು ಅರ್ಥಮಾಡಿಕೊಳ್ಳುವ ಭಾಗವೂ ಹೋಗಿದೆ. ಅವಳಿಗೆ ನಮ್ಮ ಮಾತು ಬರೀ ಸದ್ದು, ಪಕ್ಕದ ಮನೆಯಲ್ಲಿ ಪಾತ್ರೆ ಸರಿಸಿದ ಹಾಗೆ. ಆಮೇಲೆ ಎನ್ನುವುದೂ ಮಾತಲ್ಲ, ತಾನಾಗಿ ಹೊರಬೀಳುತ್ತಿದ್ದ ಸದ್ದು.

ರೋಗಿಯನ್ನು ನೋಡಿಕೊಳ್ಳುವವರಿಗೆ ಒಮ್ಮೊಮ್ಮೆ ಸಿಟ್ಟು ಬರುತ್ತದೆ, ಬಾಯಿಗೆ ಬಂದದ್ದನ್ನು ಅಂದುಬಿಡುತ್ತಾರೆ. ಸಾಯಬಾರದೇ ಎಂದೂ ಅಂದಿರುತ್ತಾರೆ. ಅದು ಎಲ್ಲ ಮನೆಯಲ್ಲೂ ಇದ್ದದ್ದೇ. ನೀನು ಏನೇ ಅಂದಿದ್ದರೂ ಅದು ಅವಳನ್ನು ತಾಕಿಲ್ಲ. ಇದನ್ನು ನಾನು ಬಲ್ಲವನಾಗಿ ಹೇಳುತ್ತಿದ್ದೇನೆ. ನೆಮ್ಮದಿಯಾಗಿರು.

ಫಿಲ್ಮನ್ನು ಅದೇ ರಟ್ಟಿನಲ್ಲಿ ವಾಪಸು ಕಳಿಸಿದ್ದೇನೆ. ನನಗೆ ಹೊಲಿಯಲು ಬರದು, ಅಂಟಿಸಿದ್ದೇನೆ.

ನಿನ್ನ ತಮ್ಮ


ಏಪ್ರಿಲ್ ೨೪

ಅಕ್ಕಾ,

ಕಾಗದ ತಲುಪಿತೇ? ಫೋನ್ ಮಾಡಿದರೆ ಭಾವ ಎತ್ತುತ್ತಾರೆ. ‘ನಿಮ್ಮಕ್ಕ ಕೆಲಸದಲ್ಲಿದಾಳೆ’ ಅನ್ನುತ್ತಾರೆ. ಹಿಂದಿನಿಂದ ಮಿಷನ್ ಓಡುವ ಸದ್ದೂ ಕೇಳುವುದಿಲ್ಲ. ಮೊನ್ನೆ ಒತ್ತಾಯಿಸಿ ಕೇಳಿದೆ. ನೀನು ಮಿಷನ್ನನ್ನು ಮುಂದಿನ ಕೋಣೆಗೆ ಸಾಗಿಸಿದ್ದೀಯ, ಅಮ್ಮನ ಕೋಣೆಗೆ ಬೀಗ ಹಾಕಿದ್ದೀಯ, ಗಿರಾಕಿಗಳ ಜೊತೆಯೂ ಬೇಕಾದಷ್ಟೇ ಮಾತು ಎಂದರು. “ಇಪ್ಪತ್ತು ವರ್ಷದಿಂದ ಸ್ವಲ್ಪ ಸುಮ್ನಿರು ಅಂತಿದ್ದೆ. ಈಗ ಸುಮ್ನಿದಾಳೆ, ನಂಗೆ ತಡ್ಕೊಳೋಕಾಗ್ತಿಲ್ಲ,” ಎಂದರು.

ನೆಮ್ಮದಿಯಾಗಲೆಂದು ಬರೆದದ್ದು ಹೀಗೇಕಾಯಿತು? ಸಿಟ್ಟಿದ್ದರೆ ಬೈದು ಬರೆ. ನೀನು ಬೈದು ಬಹಳ ದಿನವಾಯಿತು.

ನಿನ್ನ ಗುಬ್ಬಿ


ಮೇ ೬

ಗುಬ್ಬಿ,

ಬೈಯುವುದಕ್ಕೆ ನೀನೇನು ತಪ್ಪು ಮಾಡಿದ್ದೀಯ? ಕೇಳಿದ್ದಕ್ಕೆ ಉತ್ತರ ಕೊಟ್ಟೆ. ಈಗ ಆಮೇಲೆ ಎಂದು ಕೇಳಿಸುವುದೂ ನಿಂತಿದೆ. ಅದಕ್ಕೇ ಆ ಕೋಣೆಯಲ್ಲಿ ಕೂರಲಾಗಲಿಲ್ಲ. ದನಿ ಇದ್ದಾಗ ಹೆದರಿಕೆಯಾಗುತ್ತಿತ್ತು, ಅದಿಲ್ಲದಾಗ ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ನಾನು ಅಮ್ಮನಿಗೆ ಬೈದಿದ್ದೇನೆ, ಸಾಯಬಾರದೇ ಎಂದಿದ್ದೇನೆ ಎಂದು ನೀನು ಅಂದುಕೊಂಡಿದ್ದೀಯ. ಬೈದಿದ್ದೇನೆ, ಇಲ್ಲವೆನ್ನುವುದಿಲ್ಲ. ಬೆಡ್‌ಶೀಟ್ ಬದಲಿಸಿದ ಮರುಗಳಿಗೆಯೇ ಒದ್ದೆ ಮಾಡಿದಾಗ ಬೈಯದೆ ಮುತ್ತು ಕೊಡುತ್ತಾರೆಯೇ? ಆದರೆ ಅದಕ್ಕಾಗಿ ನಾನು ಕೇಳಿದ್ದಲ್ಲ.

ನಿನಗೆ ನೆನಪಿದೆಯೇ, ಗಟ್ಟಿಮುಟ್ಟಾಗಿದ್ದಾಗಲೂ ಅಮ್ಮನ ಬಾಯಲ್ಲಿ ಅದೇ ಮಾತು. ಆಮೇಲೆ ಹೇಳು. ಆಮೇಲೆ ನೋಡೋಣ. ಈಗ ಕೈ ಬಿಡುವಿಲ್ಲ, ಆಮೇಲೆ. ನಿನಗೆ ನೆನಪಿರಲಿಕ್ಕಿಲ್ಲ, ಏಕೆಂದರೆ ನಿನಗೆ ಅನ್ನುತ್ತಿರಲಿಲ್ಲ. ನೀನು ಬಾಯಿ ತೆರೆದರೆ ಒಲೆ ಆರಿಸಿ ಕೂರುತ್ತಿದ್ದಳು. ನನ್ನ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಮದುವೆಗೆ ಮುಂಚೆ, ಮದುವೆಯಾದ ಮೇಲೆ, ಮಗು ಹೋದಾಗ, ಎಲ್ಲಕ್ಕೂ ಒಂದೇ. ಆಮೇಲೆ ಮಾತಾಡೋಣ. ಆ ಆಮೇಲೆ ಯಾವತ್ತೂ ಬರಲಿಲ್ಲ.

ಹಾಸಿಗೆ ಹಿಡಿದ ಮೇಲೂ ಅದೇ ಮಾತು ಉಳಿಯಿತಲ್ಲ, ಮೊದಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು. ಸಾಯುವಾಗಲೂ ನನ್ನನ್ನು ಅಟ್ಟುತ್ತಾಳಲ್ಲ ಎಂದು. ಒಂದು ದಿನ ಪ್ಯಾಂಟಿನ ಅಂಚು ಮಡಿಸುತ್ತಾ ಗಿರಾಕಿಯೊಬ್ಬನ ಜಿಪುಣತನದ ಬಗ್ಗೆ ನನ್ನಷ್ಟಕ್ಕೆ ಗೊಣಗುತ್ತಿದ್ದೆ. ಗೊಣಗಿ ಸುಮ್ಮನಾದೆ. ಹಾಸಿಗೆಯಿಂದ “ಆಮೇಲೆ?” ಎಂದಳು. ಕಥೆ ಕೇಳುವ ಮಕ್ಕಳು ಕೇಳುವ ಹಾಗೆ. ನಾನು ಮುಂದುವರಿಸಿದೆ. ಮುಗಿಸಿದೆ. ಮತ್ತೆ ಆಮೇಲೆ ಎಂದಳು. ಇನ್ನೊಂದು ಹೇಳಿದೆ. ಹೀಗೆ ಶುರುವಾಯಿತು ಗುಬ್ಬಿ. ಎರಡು ವರ್ಷ ನಾನು ಹೇಳಿದೆ, ಅವಳು ಆಮೇಲೆ ಎಂದಳು. ನನ್ನ ಜೀವನದಲ್ಲಿ ನನ್ನನ್ನು ಯಾರೂ ಅಷ್ಟು ಕೇಳಿಲ್ಲ. ಅವಳ ಮಲ ಬಳಿದದ್ದಕ್ಕೆ ಊರವರು ನನ್ನನ್ನು ಹೊಗಳುತ್ತಾರೆ. ಅವರಿಗೇನು ಗೊತ್ತು, ಲಾಭವೆಲ್ಲ ನನಗೇ ಆಗಿತ್ತು.

ಈಗ ನೀನು ಹೇಳುತ್ತೀಯ, ಅದು ಬರೀ ಸದ್ದು. ಹಾಗಾದರೆ ಅದು ‘ಮುಂದೇನಾಯಿತು’ ಎಂದು ಕೇಳುವ ಆಮೇಲೆ ಅಲ್ಲ. ‘ಈಗ ಬೇಡ ಹೋಗು’ ಎನ್ನುವ ಹಳೆಯ ಆಮೇಲೆಯ ಗಸಿ. ಬದುಕಿಡೀ ನನ್ನನ್ನು ಅಟ್ಟಿ ಅಟ್ಟಿ ನಾಲಿಗೆಗೆ ಅಂಟಿಕೊಂಡದ್ದು. ನಾನೊಬ್ಬಳು ಹುಚ್ಚಿ, ಆ ಗಸಿಯ ಮುಂದೆ ಕೂತು ಎರಡು ವರ್ಷ ಕಥೆ ಹೇಳಿದೆ.

ನೀನು ಚೆನ್ನಾಗಿರು. ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಎಂದೇ ತಿಳಿ.

ಅಕ್ಕ


ಮೇ ೧೪

ಅಕ್ಕಾ,

ಇದನ್ನು ಒಂದೇ ಉಸಿರಿಗೆ ಬರೆದುಬಿಡುತ್ತೇನೆ. ನಾನು ಸುಳ್ಳು ಹೇಳಿದ್ದೆ. ಅಮ್ಮನಿಗೆ ಅರ್ಥವಾಗುತ್ತಿತ್ತು.

ಮಾತು ಹೊರಡಿಸುವ ಭಾಗ ಮುಂದೆ ಇರುತ್ತದೆ, ಹಣೆಯ ಪಕ್ಕ. ಕೇಳಿದ್ದನ್ನು ಬಿಡಿಸಿಕೊಳ್ಳುವ ಭಾಗ ಅದರ ಹಿಂದೆ, ಕಿವಿಯ ಮೇಲ್ಗಡೆಯಿಂದ ಹಿಂದಕ್ಕೆ. ಅಮ್ಮನ ಕಲೆ ಮುಂದಿನದನ್ನು ತಿಂದು ಅಲ್ಲಿಗೇ ನಿಂತಿದೆ. ಹಿಂದಿನದು ಹಾಗೇ ಇದೆ. ಫಿಲ್ಮನ್ನು ದೀಪಕ್ಕೆ ಹಿಡಿದ ಕೂಡಲೇ ನನಗೆ ಕಂಡಿತು. ಕಂಡದ್ದನ್ನು ಬಿಟ್ಟು ಬೇರೆಯದನ್ನು ಬರೆದೆ.

ನಿನ್ನ ಸಲುವಾಗಿ ಎಂದುಕೊಂಡಿದ್ದೆ. ಆದರೆ ಆಮೇಲೆ ನನ್ನ ಕೈಗೆ ಏನೋ ಆಯಿತು. ಕಳೆದ ವಾರ ಮೇಡಂ ಕರೆದು ಕೂರಿಸಿದರು. ಪರದೆಯ ಮೇಲೆ ಒಂದು ತಲೆ, ಅದರ ಮೇಲೆ ನಾನೇ ಎಳೆದ ಎರಡು ಗೆರೆ. ಚಳಿಗಾಲದಲ್ಲಿ ಎಳೆದದ್ದು ಒಂದು, ಮೊನ್ನೆ ಎಳೆದದ್ದು ಇನ್ನೊಂದು. ಮೊನ್ನೆಯದು ಹಿಂದಕ್ಕೆ ಒಂದು ಬೆರಳಷ್ಟು ಜಾಸ್ತಿ ಹೋಗಿತ್ತು. ಇನ್ನೊಂದು ತಲೆ ತೆರೆದರು, ಅದರಲ್ಲೂ ಹಾಗೇ. ಮುಂದೆ ಕಲೆ ಇದ್ದವರಿಗೆಲ್ಲ ನಾನು ಹಿಂದಿನ ಭಾಗವನ್ನೂ ಕಲೆಯೊಳಗೆ ಸೇರಿಸುತ್ತಾ ಬಂದಿದ್ದೆ, ನನಗೇ ಗೊತ್ತಿಲ್ಲದೆ. ಮೇಡಂ ಬೈಯಲಿಲ್ಲ. “ಇವರಿಗೆ ಕೇಳಿದ್ದು ಅರ್ಥ ಆಗ್ತಾ ಇತ್ತು. ನೀವು ಯಾಕೆ ಆಗ್ಬಾರದು ಅಂತ ಹಟ ಹಿಡಿದಿದೀರಿ?” ಎಂದರು. ಮಾರ್ಚ್‌ನಿಂದ ಈಚೆಗೆ ನಾನು ನೋಡಿದ ತಲೆಗಳನ್ನೆಲ್ಲ ಬೇರೆಯವರಿಗೆ ಕೊಟ್ಟಿದ್ದಾರೆ. ನನ್ನನ್ನು ಸದ್ಯಕ್ಕೆ ಕಡತ ಜೋಡಿಸಲು ಕೂರಿಸಿದ್ದಾರೆ. ಜೊತೆಯವರು ಈಗ ತಮಾಷೆ ಮಾಡುವುದಿಲ್ಲ.

ಯಾಕೆ ಹಟ ಹಿಡಿದೆ ಎಂದು ನಿನಗೆ ಹೇಳುತ್ತೇನೆ. ನಾನು ಭಾನುವಾರ ಭಾನುವಾರ ಫೋನ್ ಮಾಡುತ್ತಿದ್ದೆನಲ್ಲ, ನೀನು ಅವಳ ಕಿವಿಗೆ ಹಿಡಿಯುತ್ತಿದ್ದೆ. ಹೇಗಿದೀಯಮ್ಮ, ಊಟ ಆಯಿತಾ ಎನ್ನುತ್ತಿದ್ದೆ. ಅವಳು ಆಮೇಲೆ ಎನ್ನುತ್ತಿದ್ದಳು. ಸರಿ ಅಮ್ಮ, ಆಮೇಲೆ ಮಾಡ್ತೀನಿ ಎಂದು ಇಟ್ಟುಬಿಡುತ್ತಿದ್ದೆ. ಅವಳೇ ಇಡು ಎಂದಳು ಎಂದು ಲೆಕ್ಕ ಹಾಕಿಕೊಂಡು ನಿರಾಳವಾಗಿ ಹೋಗಿ ಊಟಕ್ಕೆ ಕೂರುತ್ತಿದ್ದೆ. ಅರ್ಥವಾಗುತ್ತಿತ್ತು ಎಂದಾದರೆ ಅವಳು ಕೇಳಿದ್ದು ಬೇರೆಯೇ, ನೀನು ಬರೆದ ಆ ‘ಮುಂದೇನಾಯಿತು’. ಅದು ನಿಜವಾಗುವುದು ನನಗೆ ಬೇಡವಾಗಿತ್ತು.

ಈಗ ಮುಖವಿಲ್ಲದ ತಲೆಗಳು ನನ್ನ ಮುಂದೆ ಬರುವುದಿಲ್ಲ. ಆದರೂ ಕಡತದ ಹಾಳೆ ತಿರುವುವಾಗ, ಅವುಗಳ ತುಟಿ ಸವರಿಹೋದ ಜಾಗದಿಂದಲೇ ಬಂದ ಹಾಗೆ ಆ ಮಾತು ಕೇಳುತ್ತದೆ. ನಿನ್ನ ಕೋಣೆಯಿಂದ ಹೊರಟದ್ದು ನನ್ನಲ್ಲಿಗೆ ಬಂದಿರಬೇಕು.

ಗುಬ್ಬಿ


ಮೇ ೨೭

ಗುಬ್ಬಿ,

ನಾನು ನಂಬುವುದು ಹೇಗೆ?

ಮೊದಲು ನಾನು ನೊಂದಿದ್ದೇನೆ ಎಂದುಕೊಂಡು ಇಲ್ಲ ಎಂದೆ. ನಾನು ಇನ್ನಷ್ಟು ನೊಂದದ್ದು ಕಂಡು ಈಗ ಹೌದು ಎನ್ನುತ್ತೀಯ. ನಾಳೆ ನಾನು ನಕ್ಕರೆ ಏನೆನ್ನುತ್ತೀಯೋ. ಎಳೆದಷ್ಟು ಹಿಗ್ಗುವ ಟೇಪಿನಿಂದ ಅಳತೆ ತೆಗೆದರೆ ಅಂಗಿ ಯಾರಿಗೂ ಆಗುವುದಿಲ್ಲ. ನಿನ್ನದು ಒಳ್ಳೆಯ ಮನಸ್ಸೇ, ಅದಕ್ಕೇ ನಿನ್ನ ಮಾತು ಕೆಲಸಕ್ಕೆ ಬಾರದಂತಾಗಿದೆ.

ಇನ್ನೊಂದು. ಫಿಲ್ಮನ್ನು ಕಿಟಕಿಗೆ ಹಿಡಿದು ನಾನೂ ನೋಡಿದೆ. ಅಕ್ಷರಗಳು ನೆಟ್ಟಗೆ ಓದಲು ಬರುವ ಹಾಗೆಯೇ ಹಿಡಿದಿದ್ದೆ. ಕಪ್ಪು ಇರುವುದು ಬಲಗಡೆ. ಅಮ್ಮನಿಗೆ ಹೊಡೆದದ್ದು ತಲೆಯ ಎಡಗಡೆ ಎಂದು ಡಾಕ್ಟರು ಹೇಳಿದ್ದು ಚೆನ್ನಾಗಿ ನೆನಪಿದೆ. ಅದಕ್ಕೇ ಬಲಗೈ ಬಿದ್ದುಹೋಗಿತ್ತು, ಎಡಗೈ ಒಂದೇ ಆಡುತ್ತಿತ್ತು. ಆಸ್ಪತ್ರೆಯವರು ಬೇರೆ ಯಾರದೋ ಫಿಲ್ಮನ್ನು ನಮ್ಮ ಕೈಗೆ ತುರುಕಿದ್ದಾರೆ. ನೀನು ಯಾವುದೋ ಹೆಂಗಸಿನ ತಲೆ ನೋಡಿ ಒಮ್ಮೆ ಇಲ್ಲ ಎಂದೆ, ಒಮ್ಮೆ ಹೌದು ಎಂದೆ. ನಮ್ಮ ಅಮ್ಮನ ತಲೆಯೊಳಗೆ ಏನಿತ್ತು ಎಂದು ಇನ್ನು ಯಾರಿಗೂ ತಿಳಿಯುವುದಿಲ್ಲ.

ಕೆಲಸದ ಜಾಗದಲ್ಲಿ ತಲೆ ತಗ್ಗಿಸಿಕೊಂಡು ಇರು, ಎಲ್ಲ ಸರಿಹೋಗುತ್ತದೆ. ನಮ್ಮನೆಯ ದನಿಯನ್ನು ನೀನು ಇಟ್ಟುಕೋ, ನನಗೆ ಬೇಡ.

ಅಕ್ಕ


ಜೂನ್ ೫

ಅಕ್ಕಾ,

ಫಿಲ್ಮು ಅಮ್ಮನದೇ. ಸ್ಕ್ಯಾನಿನ ಚಿತ್ರವನ್ನು ಮಲಗಿದವರ ಕಾಲ ಬಳಿ ನಿಂತು ನೋಡಿದ ಹಾಗೆ ತೋರಿಸುವುದು ರೂಢಿ. ಅವರ ಎಡ ನಮಗೆ ಬಲಕ್ಕೆ ಬರುತ್ತದೆ. ಅಳತೆ ಕೊಡಲು ನಿನ್ನೆದುರು ನಿಂತವರ ಎಡತೋಳು ನಿನಗೆ ಯಾವ ಕಡೆ ಇರುತ್ತದೆ, ನೀನೇ ಹೇಳು. ಇಲ್ಲಿಗೆ ಹೊಸದಾಗಿ ಸೇರಿದವರೆಲ್ಲ ಮೊದಲ ವಾರ ಮಾಡುವ ತಪ್ಪು ಇದು, ನಾನೂ ಮಾಡಿದ್ದೆ.

ನನ್ನನ್ನು ನಂಬಬೇಡ, ಸರಿ. ಅದಕ್ಕೇ ನಾನು ಏನೂ ಹೇಳದೆ, ಹೆಸರು ಮುಚ್ಚಿದ ಒಂದು ಪ್ರತಿಯನ್ನು ಮೇಡಂಗೆ ತೋರಿಸಿದೆ. ಫಿಲ್ಮು ಕಳಿಸಿದಾಗಲೇ ಅದರ ಪ್ರತಿ ತೆಗೆದಿಟ್ಟುಕೊಂಡಿದ್ದೆ. ಅವರು ನೋಡಿ, ಇವರಿಗೆ ಬಹುಮಟ್ಟಿಗೆ ಅರ್ಥವಾಗುತ್ತಿದ್ದಿರಬೇಕು ಎಂದರು. ಖಂಡಿತವಾಗಿಯೇ ಎಂದು ಕೇಳಿದೆ. “ಚಿತ್ರ ಜಾಗ ತೋರಿಸುತ್ತೆ. ಅಲ್ಲಿ ಏನು ನಡೀತು ಅಂತ ಜೊತೆಗಿದ್ದವರು ಹೇಳಬೇಕು,” ಎಂದರು. ಒಂದೇ ಮಾತು ಉಳಿದವರಲ್ಲಿ ಆ ಮಾತು ತಾನೇ ತಾನಾಗಿ ನುಗ್ಗಿ ಬರುತ್ತದಂತೆ, ತಡೆಯುವುದು ಬಹಳ ಕಷ್ಟವಂತೆ. ಹಾಗಾಗಿ ಅವರು ಅದನ್ನು ಯಾವಾಗ ಅಂದರು ಎನ್ನುವುದಕ್ಕಿಂತ, ಯಾವಾಗ ಅನ್ನಲಿಲ್ಲ ಎಂದು ನೋಡಬೇಕಂತೆ.

ನಾನು ಅವಳ ಜೊತೆ ಇರಲಿಲ್ಲ. ನೀನಿದ್ದೆ. ಅವಳು ಆಮೇಲೆ ಎನ್ನಬೇಕಾದ ಕಡೆ ಅನ್ನದೆ ಹೋದದ್ದು ಯಾವತ್ತಾದರೂ ಇತ್ತೇ? ಅವಸರವಿಲ್ಲ, ನೆನಪಾದರೆ ಬರೆ.

ಇನ್ನು ನೀನು ನನಗೆ ಒಂದು ವಿಷಯ ಹೇಳಬೇಕು. ಭಾನುವಾರ ನಾನು ಫೋನ್ ಇಟ್ಟ ಮೇಲೆ ಅವಳು ಏನು ಮಾಡುತ್ತಿದ್ದಳು? ಇದನ್ನು ಕೇಳಲು ನನಗೆ ಧೈರ್ಯವಿಲ್ಲ. ಕೇಳದೆ ಇರಲೂ ಆಗುತ್ತಿಲ್ಲ.

ಗುಬ್ಬಿ


ಜೂನ್ ೨೨

ಗುಬ್ಬಿ,

ನಿನ್ನ ಕಾಗದ ಓದಿ ಮೊದಲು ನಕ್ಕೆ. ಬದುಕಿಡೀ ಎದುರು ನಿಂತವರ ಅಳತೆ ತೆಗೆದವಳಿಗೆ ಎಡ ಯಾವುದು ಬಲ ಯಾವುದು ಎಂದು ಹೊಳೆಯಲಿಲ್ಲವಲ್ಲ. ಭಾವನಿಗೆ ಹೇಳಿದೆ, ಅವರೂ ನಕ್ಕರು. ನಾನು ನಕ್ಕೆನೆಂದು ನಕ್ಕದ್ದು, ವಿಷಯ ಅವರಿಗೆ ತಿಳಿಯಲಿಲ್ಲ.

ಆಮೇಲೆ ಎನ್ನದೆ ಹೋದದ್ದು ಒಂದೇ ಒಂದು ಸಲ. ಅದು ನನಗೆ ನೆನಪಾಗಬೇಕಾಗಿರಲಿಲ್ಲ, ಮರೆತೇ ಇರಲಿಲ್ಲ. ಆದರೆ ಅದನ್ನು ನಾನು ಬೇರೆಯೇ ಲೆಕ್ಕದಲ್ಲಿ ಇಟ್ಟಿದ್ದೆ.

ಅವತ್ತು ಕೋಟೊಂದಕ್ಕೆ ಒಳಬಟ್ಟೆ ಕೂರಿಸುತ್ತಿದ್ದೆ. ಅದರಿಂದ ನೆನಪು ಬಂದು ಅಮ್ಮನಿಗೆ ಮಗುವಿನ ವಿಷಯ ಹೇಳಿದೆ. ಹೊಟ್ಟೆಯಲ್ಲಿ ಏಳು ತಿಂಗಳಾಗಿದ್ದಾಗ ಹೋಯಿತಲ್ಲ, ಅದಕ್ಕೆಂದು ನಾನು ಮೊದಲೇ ಒಂದು ಹಳದಿ ಅಂಗಿ ಹೊಲಿದಿಟ್ಟಿದ್ದೆ. ಯಾರಿಗೂ ತೋರಿಸಿರಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಅದನ್ನು ಏನು ಮಾಡುವುದೆಂದು ತಿಳಿಯಲಿಲ್ಲ. ಎಸೆಯಲಾಗಲಿಲ್ಲ, ಇಟ್ಟುಕೊಳ್ಳಲೂ ಆಗಲಿಲ್ಲ. ಒಂದೊಂದೇ ಹೊಲಿಗೆ ಬಿಚ್ಚಿದೆ. ಬಟ್ಟೆಯನ್ನು ಇಸ್ತ್ರಿ ಮಾಡಿ, ಯಾರೋ ಗುರುತಿಲ್ಲದವನ ಕೋಟಿನ ಒಳಜೇಬಿಗೆ ಹಾಕಿ ಹೊಲಿದೆ. ಅವನು ಕೋಟು ತೊಟ್ಟು, ಕೈಬೀಸಿಕೊಂಡು ಹೊರಟುಹೋದ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅಮ್ಮನಿಗೆ ಹೇಳಿ ಮಿಷನ್ ನಿಲ್ಲಿಸಿದೆ.

ಅವಳು ಆಮೇಲೆ ಎನ್ನಲಿಲ್ಲ. ತಿರುಗಿ ನೋಡಿದೆ. ಎಡ ಅಂಗೈಯನ್ನು ಬಾಯಿಗೆ ಒತ್ತಿ ಹಿಡಿದುಕೊಂಡಿದ್ದಳು. ಬೆರಳುಗಳು ಕೆನ್ನೆಯೊಳಗೆ ಇಳಿಯುವ ಹಾಗೆ. ಕಣ್ಣು ನೀರಾಡುತ್ತಿತ್ತು. ನನಗೇನು ಅನ್ನಿಸಿತು ಹೇಳು? ವಾಂತಿ ಬರುತ್ತಿದೆ ಅನ್ನಿಸಿತು. ಓಡಿಹೋಗಿ ಬೇಸಿನ್ನು ತಂದು ಗದ್ದದ ಕೆಳಗೆ ಹಿಡಿದೆ. “ಕಕ್ಕಮ್ಮ, ಕಕ್ಕಿಬಿಡು,” ಎಂದೆ. ಅವಳು ಕೈ ತೆಗೆಯಲೇ ಇಲ್ಲ, ತಲೆ ಅಲ್ಲಾಡಿಸಿದಳು. ನಾನು ಹೇಳಿದ್ದು ಇವಳಿಗೆ ಎಲ್ಲಿ ಕೇಳಿಸಿತು, ಇವಳ ಸಂಕಟ ಇವಳಿಗೆ ಎಂದುಕೊಂಡು ಬೆನ್ನು ನೀವಿದೆ.

ನುಗ್ಗಿ ಬರುವ ಮಾತನ್ನು ತಡೆಯುವುದು ಕಷ್ಟವೆಂದು ನೀನು ಬರೆದಿದ್ದೀಯಲ್ಲ, ಆ ಸಾಲನ್ನು ಓದಿ ನಾನು ಅವಳ ಕೋಣೆಯ ಬೀಗ ತೆಗೆದು ಒಳಗೆ ಕೂತು ಅತ್ತೆ. ಅವಳ ಹತ್ತಿರ ಇದ್ದದ್ದು ಒಂದೇ ಮಾತು. ಆ ಕಥೆಗೆ ಅದನ್ನು ಅನ್ನಬಾರದೆಂದು ಅವಳಿಗೆ ಗೊತ್ತಿತ್ತು. ಮಿಷನ್ನನ್ನು ಮತ್ತೆ ಅಲ್ಲಿಗೇ ಸಾಗಿಸಿದ್ದೇನೆ. ದನಿ ಬಂದಿಲ್ಲ. ಬಂದರೆ ಬರಲಿ, ಈಗ ಅದು ಯಾವ ಆಮೇಲೆ ಎಂದು ನನಗೆ ಗೊತ್ತು.

ನಿನ್ನ ಭಾನುವಾರದ ವಿಷಯ. ಹೇಳಲೋ ಬೇಡವೋ ಎಂದು ಇಷ್ಟು ದಿನ ಕಾಗದ ತಡೆದೆ. ನಿನಗೆ ಹಿತವಾದದ್ದನ್ನು ಬರೆಯಬಹುದಿತ್ತು. ಹಾಗೆ ಬರೆದರೆ ಏನಾಗುತ್ತದೆ ಎಂದು ನಾವಿಬ್ಬರೂ ನೋಡಿದ್ದೇವೆ.

ನೀನು ಇಟ್ಟ ಮೇಲೆ ಅವಳು ಫೋನನ್ನು ಕೊಡುತ್ತಿರಲಿಲ್ಲ. ನನ್ನ ಕೈಯಿಂದ ಕಿತ್ತುಕೊಂಡು ಎಡಗೈಯಿಂದ ಕಿವಿಗೆ ಒತ್ತಿ ಹಿಡಿದುಕೊಂಡಿರುತ್ತಿದ್ದಳು. ಕಟ್ಟಾದ ಫೋನಿಗೆ ಆಮೇಲೆ ಎನ್ನುತ್ತಿದ್ದಳು. ಸ್ವಲ್ಪ ತಡೆದು ಇನ್ನೊಮ್ಮೆ ಎನ್ನುತ್ತಿದ್ದಳು. ಪಾಪ, ನೀನು ಇಟ್ಟದ್ದು ಗೊತ್ತಾಗುವುದಿಲ್ಲ ಇವಳಿಗೆ ಎಂದು ನಾನು ಬೆರಳು ಬಿಡಿಸಿ ಫೋನು ತೆಗೆದುಕೊಳ್ಳುತ್ತಿದ್ದೆ.

ಗೊತ್ತಾಗುತ್ತಿತ್ತು ಕಣೋ.

ನಿನ್ನ ಅಕ್ಕ